ಸಮಾನ ಪಾಲುದಾರರು

“ಇಬ್ಬರ ಕೈಯೂ ಒಂದೇ ಎತ್ತರದಲ್ಲಿರಲಿ,” ಎಂದ ನಾಗೇಂದ್ರ, ಕ್ಯಾಮೆರಾಕ್ಕೆ ಕಣ್ಣಿಟ್ಟು.

ರೇಷ್ಮೆಹುಳದ ತಟ್ಟೆಯ ಒಂದು ತುದಿಯನ್ನು ರೈತ ಮಾದಯ್ಯ ಹಿಡಿದಿದ್ದ. ಇನ್ನೊಂದನ್ನು ಮಲಾವಿ ದೇಶದ ಅಧಿಕಾರಿ ಶ್ರೀಮತಿ ಫಿರಿ. ಈ ಫೋಟೋ ರೇಷ್ಮೆ ಇಲಾಖೆಯ ಹೊಸ ಪುಸ್ತಿಕೆಗೆ. ಅದರ ಮೊದಲ ವಾಕ್ಯ ಇಲಾಖೆಯ ಅಧಿಕಾರಿ ನಾಗೇಂದ್ರನದೇ: ‘ಇಲ್ಲಿ ಕೊಡುವವರಿಲ್ಲ, ಬೇಡುವವರಿಲ್ಲ, ಇಬ್ಬರೂ ಸಮಾನ ಪಾಲುದಾರರು.’ ಬರೆದು ಮುಗಿಸಿದಾಗ ಕೈ ತೊಳೆದುಕೊಳ್ಳಬೇಕೆನಿಸಿತ್ತು. ತೊಳೆಯಲಿಲ್ಲ. ಮೇಲಿನವರು ಮೆಚ್ಚಿದ್ದರು.

ಫಿರಿ ಮತ್ತು ಅವಳ ಇಬ್ಬರು ಸಹೋದ್ಯೋಗಿಗಳನ್ನು ಅವನು ಬೆಳಿಗ್ಗೆಯೇ ನರಸೀಪುರದಿಂದ ಜೀಪಿನಲ್ಲಿ ಕರೆತಂದಿದ್ದ. ಮಾದಯ್ಯನ ಹುಳುಮನೆಯಲ್ಲಿದ್ದಂಥ ಸೊಪ್ಪು ಕತ್ತರಿಸುವ ಯಂತ್ರಗಳು ಭಾರತದ ನೆರವಾಗಿ ಇನ್ನು ಅವರ ದೇಶಕ್ಕೂ ಹೋಗಲಿದ್ದವು.

“ಈ ಯಂತ್ರ ಬೇಕೆಂದು ಇವರೇ ಕೇಳಿದ್ದರಾ?” ಫಿರಿ ಇಂಗ್ಲಿಷಿನಲ್ಲಿ ವಿಚಾರಿಸಿದಳು.

ನಾಗೇಂದ್ರ ಕನ್ನಡದಲ್ಲಿ ಕೇಳಿದ.

“ಯಾರ್ ಕೇಳಿದ್ರು ಸಾ?” ಎಂದ ಮಾದಯ್ಯ. “ತಂದು ಇಳುಸ್ಬುಟ್ ಓದ್ರು. ಅದ್ರ ಮ್ಯಾಲೆ ಬಟ್ಟೆ ಒಣಾಕ್ತೀವಿ.”

“ಬಹಳ ಉಪಯೋಗವಾಗಿದೆಯಂತೆ,” ಎಂದು ನಾಗೇಂದ್ರ ಅನುವಾದಿಸಿದ.

ಯಂತ್ರದ ಮೇಲೆ ಒಣಗುತ್ತಿದ್ದ ಪಂಚೆ ನೋಡಿ ಫಿರಿ ನಕ್ಕಳು. “ಯುರೋಪಿನವರು ಬಂದಾಗ ನಮ್ಮೂರಲ್ಲಿ ನಾನೂ ಹೀಗೇ ಅನುವಾದಿಸುತ್ತಿದ್ದೆ. ಈಗ ಅವರ ಜಾಗಕ್ಕೆ ನೀವು ಬಂದಿದ್ದೀರಿ.”

ಅವನಿಗೆ ಮೈಯೆಲ್ಲ ಉರಿಯಿತು. ನೆರವು ಕೇಳಲು ಬಂದವಳಿಗೆ ಕಣ್ಣು ಇಷ್ಟು ಚುರುಕಾಗಿರಬೇಕೆ?

ಮಾದಯ್ಯನ ಹೆಂಡತಿ ಚನ್ನಬಸಮ್ಮ ಜಗಲಿಗೆ ಕಾಫಿ ತಂದಳು. ಮೂವರು ಅತಿಥಿಗಳಿಗೂ ಪೇಪರ್ ಲೋಟ. ನಾಗೇಂದ್ರನಿಗೆ ಸ್ಟೀಲಿನದು.

ಅವನು ಲೋಟವನ್ನೇ ನೋಡಿದ. ಆರು ವರ್ಷದಿಂದ ಈ ಮನೆಗೆ ಬರುತ್ತಿದ್ದ. ಅವನು ಯಾವ ಕೇರಿಯವನೆಂದು ತಿಳಿದ ದಿನದಿಂದ ಅವನಿಗಿಲ್ಲಿ ಪೇಪರ್ ಲೋಟವೇ. ಇವತ್ತು ಸ್ಟೀಲು. ಎದೆಯೊಳಗೆ ಏನೋ ಬೆಚ್ಚಗೆ ಹರಡಿತು. ತನಗಿಂತ ಕೆಳಗೆ ಕೂರಲು ಕಡೆಗೂ ಯಾರೋ ಸಮುದ್ರ ದಾಟಿ ಬಂದಿದ್ದರು. ಆ ಯೋಚನೆಗೆ ಅವನಿಗೆ ಹೇಸಿಗೆಯಾಯಿತು, ಸುಖವೇನೂ ಕಡಿಮೆಯಾಗಲಿಲ್ಲ.

“ನಿಮಗೆ ಮಾತ್ರ ಬೇರೆ ಲೋಟ?” ಎಂದಳು ಫಿರಿ.

“ನಾನು ಈ ಮನೆಗೆ ಹಳಬ.”

“ಹಾಗಾದರೆ ಬದಲಾಯಿಸಿಕೊಳ್ಳೋಣವೆ? ಪಾಲುದಾರರಲ್ಲವೆ?” ಅವಳು ತನ್ನ ಲೋಟ ಚಾಚಿದಳು.

ನಾಗೇಂದ್ರ ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟ. ನಾಲಿಗೆ ಸುಟ್ಟಿತು. ಖಾಲಿ ಲೋಟ ತೋರಿಸಿ ನಕ್ಕ. ಅವಳು ನಗಲಿಲ್ಲ.

ಅತಿಥಿಗಳು ಜೀಪಿನತ್ತ ನಡೆದರು. ಕ್ಯಾಮೆರಾ ಹುಳುಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಹೋದವನಿಗೆ ಅಡುಗೆಮನೆಯ ಬಾಗಿಲಾಚೆಯಿಂದ ಮಾದಯ್ಯನ ದನಿ ಕೇಳಿಸಿತು.

“ಸ್ಟೀಲಿನ್ ಲೋಟ ಯಾಕ್ ಕೊಟ್ಟೆ?”

“ಪೇಪರ್ ಲೋಟ ಮೂರೇ ಇದ್ದೊ ಕಣ್ರೀ, ಏನ್ ಮಾಡಾದು?” ಎಂದಳು ಚನ್ನಬಸಮ್ಮ.

ಅವನು ಕ್ಯಾಮೆರಾ ಎತ್ತಿಕೊಂಡು ಸದ್ದಾಗದಂತೆ ಅಂಗಳಕ್ಕಿಳಿದ. ಚನ್ನಬಸಮ್ಮ ತಂಬಿಗೆ ಹಿಡಿದು ಜಗಲಿಗೆ ಬಂದಳು. ಅವನು ಅಲ್ಲಿ ಇಟ್ಟುಹೋಗಿದ್ದ ಲೋಟಕ್ಕೆ, ಮುಟ್ಟದೆ, ಮೇಲಿನಿಂದಲೇ ನೀರು ಸುರಿದಳು. ನೀರಿನ ರಭಸಕ್ಕೆ ಲೋಟ ಮಗುಚಿ, ಮೆಟ್ಟಿಲ ಮೇಲೆ ಟಣಟಣ ಉರುಳಿ, ಅಂಗಳದ ನಡುವೆ ಬಂದು ನಿಂತಿತು. ಅವಳು ತಲೆಯೆತ್ತಿದಾಗ ನಾಗೇಂದ್ರ ಕಂಡ. ಜೀಪಿನ ಕಿಟಕಿಯಿಂದ ಫಿರಿಯೂ ನೋಡುತ್ತಿದ್ದಳು.

ಎಲ್ಲರ ಮಧ್ಯೆ ಲೋಟ ಬಿಸಿಲಿಗೆ ಫಳಫಳ ಹೊಳೆಯುತ್ತ ಬಿದ್ದಿತ್ತು. ಯಾರೂ ಬಗ್ಗಲಿಲ್ಲ.