ಹದಿನೇಳನೇ ಕಲಂ

ಮನೆಗೆ ಹೋಗಲು ಇನ್ನು ಮೂರೇ ದಿನ ಎನ್ನುವಾಗ ನನ್ನ ಮಂಚದ ಕಂಬಿಗೆ ಒಂದು ಹಾಳೆ ನೇತುಹಾಕಿ ಹೋದರು. ಬೆನ್ನುಹುರಿಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ಯಾರನ್ನೇ ಬಿಡುಗಡೆ ಮಾಡಬೇಕಾದರೂ ಆ ಹಾಳೆ ತುಂಬಬೇಕು. ಒಟ್ಟು ಇಪ್ಪತ್ತೆರಡು ಕಲಂ. ಗಾಲಿಕುರ್ಚಿಗೆ ಇಳಿಯುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ನಳಿಗೆ ಹಾಕಿ ಮೂತ್ರ ತೆಗೆಯುವುದು, ಹೀಗೆ. ಪ್ರತಿಯೊಂದರ ಮುಂದೆ ‘ವಿವರಿಸಲಾಗಿದೆ’ ಎಂದು ಟಿಕ್ಕು. ನಾನು ಬಡಗಿ. ಬೇರೆಯವರು ಬರೆದುಕೊಟ್ಟ ಅಳತೆಯನ್ನು ಎರಡನೇ ಸಲ ಓದದೆ ಗರಗಸ ಮುಟ್ಟಿದವನಲ್ಲ. ಆದ್ದರಿಂದ ಹಾಳೆಯನ್ನೂ ಮೊದಲಿಂದ ಕೊನೆಯವರೆಗೆ ಓದಿದೆ.

ಹದಿನೇಳನೆಯದು: ಲೈಂಗಿಕ ಆರೋಗ್ಯ ಮತ್ತು ದಾಂಪತ್ಯ. ಅದರ ಮುಂದೆಯೂ ಟಿಕ್ಕು.

ಮೈಯೆಲ್ಲ ಉರಿಯಿತು. ಮೈಯೆಲ್ಲ ಎಂದರೆ ಹೊಕ್ಕುಳಿನವರೆಗೆ. ಅದರ ಕೆಳಗೆ ಏನು ಉರಿದರೂ ನನಗೆ ತಿಳಿಯುವುದಿಲ್ಲ. ಗೋದಾಮಿನ ಚಾವಣಿಯ ತೊಲೆಯಿಂದ ಬಿದ್ದು ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ನನ್ನ ಮಲ ಗಟ್ಟಿಯೋ ಮೆತ್ತಗೋ ಎಂದು ದಿನಕ್ಕೆ ಮೂರು ಜನ ವಿಚಾರಿಸಿದ್ದಾರೆ. ಇದೊಂದರ ಬಗ್ಗೆ ಮಾತ್ರ ಒಬ್ಬ ನರಪಿಳ್ಳೆಯೂ ಬಾಯಿ ಬಿಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ಪ್ರತಿ ದಿನ ಇವತ್ತು ಕೇಳಬೇಕು ಎಂದುಕೊಳ್ಳುವುದು, ಡಾಕ್ಟರು ಬಂದ ಕೂಡಲೇ ಬೇರೇನೋ ಕೇಳುವುದು. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ನಾನಿನ್ನು ನನ್ನ ಹೆಂಡತಿಗೆ ಗಂಡನೋ ಅಥವಾ ಅವಳು ನೋಡಿಕೊಳ್ಳಬೇಕಾದ ರೋಗಿಯೋ, ಅದು ಗೊತ್ತಾಗದೆ ಮನೆಯ ಹೊಸ್ತಿಲು ದಾಟುವುದು ಹೇಗೆ?

ಬೆಳಗಿನ ರೌಂಡ್ಸಿನಲ್ಲಿ ಹಾಳೆಯನ್ನು ಡಾಕ್ಟರ ಮುಂದೆ ಹಿಡಿದೆ.

“ಸರ್, ಇದನ್ನ ನನಗೆ ಯಾರು ವಿವರಿಸಿದ್ರು?”

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. “ಸಿಸ್ಟರ್ ಹೇಳಿರ್ತಾರಲ್ಲ. ಎಲ್ಲಾ ನಿಧಾನಕ್ಕೆ ನೋಡೋಣ. ಮೊದಲು ಮನಸ್ಸು ಗಟ್ಟಿ ಇಟ್ಕೊಳ್ಳಿ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಮುಂದಿನ ಮಂಚಕ್ಕೆ ಹೋದರು. ವ್ಯಾಯಾಮ ಮಾಡಿಸುವವರನ್ನು ಕೇಳಿದೆ. ಅವರು ಕಿವಿಯವರೆಗೆ ಕೆಂಪಾಗಿ, ಅದು ಆಪ್ತ ಸಲಹೆಗಾರರ ವಿಭಾಗ ಎಂದರು. ಕಾರಿಡಾರಿನ ತುದಿಯವರೆಗೆ ಕುರ್ಚಿ ಉರುಳಿಸಿಕೊಂಡು ಹೋಗಿ ಆಪ್ತ ಸಲಹೆಗಾರರ ಬಾಗಿಲು ತಟ್ಟಿದೆ. ಬೀಗ. ಹೆರಿಗೆ ರಜೆಯ ಮೇಲೆ ಹೋಗಿ ನಾಲ್ಕು ತಿಂಗಳಾಯಿತೆಂದು ನೆಲ ಒರೆಸುವಾಕೆ ಹೇಳಿದಳು. ಅವರಿಗಾದರೂ ಒಳ್ಳೆಯದಾಗಲಿ ಎಂದುಕೊಂಡು ವಾಪಸು ಬಂದೆ. ಸುಮ್ಮನಿರಲಾಗದೆ ಕಾರಿಡಾರಿನಲ್ಲಿ ಮತ್ತೆ ಹೋದೆ, ಮತ್ತೆ ಬಂದೆ. ಅಂಗೈಗೆ ಗಾಲಿಯ ಕಪ್ಪು ಹತ್ತಿತ್ತು.

ಪಕ್ಕದ ಮಂಚದ ಲಾರಿ ಡ್ರೈವರ್ ಬೆಳಗಿನಿಂದ ನನ್ನನ್ನೇ ನೋಡುತ್ತಿದ್ದ. “ಏನ್ ಮೇಸ್ತ್ರಿ, ಅಂಡು ಸುಟ್ಟ ಬೆಕ್ಕಿನ ಥರ ಓಡಾಡ್ತಿದೀಯಲ್ಲ?”

“ಸುಟ್ಟಿದ್ರೂ ಗೊತ್ತಾಗಬೇಕಲ್ಲಣ್ಣ” ಎಂದೆ. ಇಬ್ಬರೂ ನಕ್ಕೆವು.

ಮಧ್ಯಾಹ್ನ ಹೆಂಡತಿ ಬಂದಳು. ಅವಳಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ; ಬೆರಳ ತುದಿಯಲ್ಲಿ ಯಾವಾಗಲೂ ಅಂಟು ಒಣಗಿರುತ್ತದೆ. ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಆಗಲೇ ಮಾತು ಶುರು.

“ರೀ, ಮನೇಲಿ ಎಲ್ಲಾ ರೆಡಿ. ಬಾಗಿಲಿಗೆ ಇಳಿಜಾರು ಹಾಕಿಸ್ದೆ. ಒಬ್ಬರು ಮಲಗೋ ಕಬ್ಬಿಣದ ಮಂಚ ಬಾಡಿಗೆಗೆ ಸಿಕ್ತು, ಹಾಲ್‌ನಲ್ಲಿ ಹಾಕಿಸಿದೀನಿ. ಆ ದೊಡ್ಡ ಮಂಚನ ನಮ್ಮಕ್ಕನ ಮನೆಗೆ ಕೊಟ್ಬಿಡೋಣ ಅಂತ.”

ದೊಡ್ಡ ಮಂಚ ನಾನು ಮಾಡಿದ್ದು. ಮದುವೆಗೆ ಮುಂಚೆ, ರಜೆಯ ದಿನಗಳಲ್ಲಿ, ಒಂದೂ ಮೊಳೆ ಹೊಡೆಯದೆ ಬರೀ ಕೀಲುಗಳಲ್ಲೇ ಕೂಡಿಸಿದ್ದು. ಕೆಳಗೆ ಎರಡು ಟ್ರಂಕು ಹಿಡಿಸಬೇಕೆಂದು ಅವಳೇ ಹೇಳಿಕಳಿಸಿದ್ದರಿಂದ ಕಾಲುಗಳನ್ನು ಎತ್ತರ ಇಟ್ಟಿದ್ದೆ. ಈಗ ಅದನ್ನು ಸಾಗಹಾಕುವ ಮಾತು ಎಷ್ಟು ಸಲೀಸಾಗಿ ಬಂತು! ನನ್ನ ಪ್ರಶ್ನೆಗೆ ಇಡೀ ಆಸ್ಪತ್ರೆ ಕೊಡದ ಉತ್ತರವನ್ನು ಇವಳು ಬಾಡಿಗೆಗೆ ತಂದು ಹಾಲ್‌ನಲ್ಲಿ ಹಾಕಿಸಿದ್ದಾಳೆ ಎನಿಸಿತು.

“ನನ್ನನ್ನ ಕೇಳಿದ್ಯಾ?” ಎಂದೆ.

“ಕೇಳೋದೇನಿದೆ? ನಿಮಗೆ ಅನುಕೂಲ ಆಗಲಿ ಅಂತ...”

“ಅನುಕೂಲ ನನಗೋ ನಿನಗೋ? ಹಂಗೇ ನನ್ನನ್ನೂ ಯಾರಿಗಾದ್ರೂ ಕೊಟ್ಬಿಡು.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು, ಒಡೆದ ಮುತ್ತು. ಅವಳು ಅಳಲಿಲ್ಲ. ತಂದಿದ್ದ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, ಸೀಟು ಸಿಗದ ಬಸ್ಸಿನಲ್ಲಿ ನಿಂತವಳ ಹಾಗೆ ಒಂದು ನಿಮಿಷ ಕಂಬಿ ಹಿಡಿದು ನಿಂತಳು. ಆಮೇಲೆ ಹೊರಟುಹೋದಳು. ಡ್ರೈವರ್ ಗೋಡೆಯ ಕಡೆ ಮುಖ ಮಾಡಿ ಗೊರಕೆ ಹೊಡೆಯುವ ನಾಟಕ ಮಾಡುತ್ತಿದ್ದ.

ಕೂತಲ್ಲಿ ಕೂರಲಾಗಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನೇರ ದೊಡ್ಡ ಸಿಸ್ಟರ್ ಹತ್ತಿರ ಹೋದೆ. ಈ ವಾರ್ಡಿನಲ್ಲಿ ಡಾಕ್ಟರಿಗಿಂತ ನಾವು ಅವರಿಗೇ ಹೆಚ್ಚು ಹೆದರುವುದು. ಐವತ್ತು ದಾಟಿದ ಹೆಂಗಸು, ಸೂಜಿಗಿಂತ ಮಾತು ಚುರುಕು.

“ಸಿಸ್ಟರ್, ಈ ಟಿಕ್ಕು ಯಾರದು?”

ಅವರು ಹಾಳೆ ತೆಗೆದುಕೊಂಡರು. ನನಗೆ ಬೈಗುಳ ಕಾದಿದೆ ಎಂದುಕೊಂಡೆ. ಅವರು ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟರು.

“ನಂದೇ.”

“ನೀವು ಯಾವತ್ತು ಹೇಳಿದ್ರಿ ನನಗೆ?”

“ಹೇಳಿಲ್ಲ. ಒಂದು ಕಲಂ ಖಾಲಿ ಇದ್ರೂ ಆಫೀಸಿಂದ ಹಾಳೆ ವಾಪಸ್ ಬರುತ್ತೆ. ಆಪ್ತ ಸಲಹೆಗಾರರು ಹೇಳಿರ್ತಾರೆ ಅಂತ ನಾನು ಹಾಕ್ತಾ ಬಂದೆ. ಅವರು ರಜೆ ಹೋದ ಮೇಲೂ ಕೈ ತನ್ನಷ್ಟಕ್ಕೆ ಹಾಕ್ತಾನೇ ಇದೆ.” ಪೆನ್ನು ತೆಗೆದು ಆ ಟಿಕ್ಕಿನ ಮೇಲೆ ಗೀಟು ಎಳೆದರು. “ತಪ್ಪಾಯ್ತು. ನಾಲ್ಕು ತಿಂಗಳಲ್ಲಿ ಒಂಬತ್ತು ಜನನ ಹೀಗೇ ಮನೆಗೆ ಕಳಿಸಿದೀನಿ. ಒಬ್ಬರೂ ಕೇಳಲಿಲ್ಲ. ಬನ್ನಿ.”

ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹತ್ತಿಯ ಉಂಡೆಗಳ ಡಬ್ಬದ ಪಕ್ಕ ಸ್ಟೂಲು ಎಳೆದುಕೊಂಡು ನನ್ನ ಕಣ್ಣಿನ ಮಟ್ಟಕ್ಕೆ ಕೂತರು.

“ನೇರವಾಗಿ ಕೇಳ್ತೀನಿ. ಆಸ್ಪತ್ರೆಗೆ ಬಂದ ಮೇಲೆ ಯಾವತ್ತಾದ್ರೂ ಗಡಸಾಗಿದ್ದುಂಟಾ?”

ಮುಖ ಎಲ್ಲಿಡಲಿ? ಎರಡು ಸಲ ಆಗಿತ್ತು. ಒಮ್ಮೆ ವಾರ್ಡಿನವನು ಮೈ ತೊಳೆಸುವಾಗ, ಒಮ್ಮೆ ನಳಿಗೆ ಹಾಕುವಾಗ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಇನ್ನು ಬೇಕೆಂದೇ ಹೆಂಡತಿಯನ್ನು ನೆನೆಸಿಕೊಂಡಾಗ ಏನೂ ಆಗಿರಲಿಲ್ಲ. ಅದನ್ನು ಹೇಳುವಾಗ ಗೋಡೆಯ ಕಡೆ ತಿರುಗಿದ್ದೆ.

“ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ” ಎಂದರು. “ನಿಮ್ಮ ಪೆಟ್ಟು ಬೆನ್ನಿನ ಮಧ್ಯದಲ್ಲಿದೆ. ಸೊಂಟದ ಕೆಳಗಿನ ನರಗಳು ತಮ್ಮ ಪಾಡಿಗೆ ಕೆಲಸ ಮಾಡ್ತಿವೆ. ಮನಸ್ಸಿಂದ ಹೊರಟ ಸುದ್ದಿ ಅಲ್ಲಿಗೆ ತಲುಪಲ್ಲ, ಆದ್ರೆ ಕೈಯಿಂದ ಮುಟ್ಟಿದ್ರೆ ಅವಕ್ಕೆ ಗೊತ್ತಾಗುತ್ತೆ. ಹೆಚ್ಚು ಹೊತ್ತು ನಿಲ್ಲಲ್ಲ ಅಂದ್ರೆ ಮಾತ್ರೆ ಇದೆ. ಡಾಕ್ಟ್ರು ನೋಡಿ ಬರೆದುಕೊಟ್ಟ ಮೇಲೆ ಮಾತ್ರ, ಅಂಗಡಿಯಿಂದ ನೀವೇ ತರಬೇಡಿ. ಎದೆನೋವಿನ ಕೆಲವು ಮಾತ್ರೆ ಜೊತೆ ಅದು ಸೇರಿದ್ರೆ ಜೀವಕ್ಕೇ ಅಪಾಯ. ಮಾತ್ರೆ ಆಗಲಿಲ್ಲ ಅಂದ್ರೆ ಬೇರೆ ಸಾಧನ ಇದೆ.”

ಅವರು ಹೇಳುತ್ತಾ ಹೋದರು. ಮೊದಲು ಮೂತ್ರ ಖಾಲಿ ಮಾಡಿಕೊಳ್ಳಬೇಕು. ಆಮೇಲೆ ಚರ್ಮ ಎಲ್ಲಾದರೂ ತರಚಿದೆಯೇ ಎಂದು ಕನ್ನಡಿ ಹಿಡಿದು ನೋಡಿಕೊಳ್ಳಬೇಕು, ನೋವಾದರೆ ನನಗೆ ತಿಳಿಯುವುದಿಲ್ಲವಲ್ಲ. ಮಗು ಬೇಕೆಂದರೆ ಅದಕ್ಕೂ ದಾರಿಯಿದೆ, ಬೇರೆ ಕ್ಲಿನಿಕ್ಕಿಗೆ ಚೀಟಿ ಬರೆಸಿಕೊಡುತ್ತಾರೆ. ನನ್ನ ಕೈ ಸುಮ್ಮನಿರದೆ ಕುರ್ಚಿಯ ಬ್ರೇಕನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿತ್ತು. ಅವರು ಆ ಕೈಯ ಮೇಲೆ ಒಂದೇಟು ಕೊಟ್ಟರು.

“ಮೊದಲಿನ ಥರ ಇರುತ್ತೆ ಅಂತ ಸುಳ್ಳು ಹೇಳಲ್ಲ. ಕೆಳಗೆ ಕಮ್ಮಿ ಆಗಿದ್ದು ಮೇಲೆ ಎಲ್ಲಾದ್ರೂ ಜಾಸ್ತಿ ಆಗಿರುತ್ತೆ. ಕಿವಿ ಹತ್ರ, ಕತ್ತಿನ ಹತ್ರ, ಸ್ಪರ್ಶ ನಿಂತುಹೋಗೋ ಆ ಅಂಚಲ್ಲಿ. ಎಲ್ಲಿ ಅಂತ ನನಗೆ ಗೊತ್ತಿಲ್ಲ, ನೀವಿಬ್ಬರೇ ಹುಡುಕ್ಕೋಬೇಕು. ನಾಳೆ ನಿಮ್ಮ ಹೆಂಡ್ತಿನ ಬರಕ್ಕೆ ಹೇಳಿ.”

“ಬರ್ತಾಳೋ ಇಲ್ಲವೋ ಸಿಸ್ಟರ್.”

“ನಾನು ಕರೀತಿದೀನಿ ಅಂತ ಹೇಳಿ. ಹೆದರಿಕೊಂಡಾದ್ರೂ ಬರ್ತಾರೆ.”

ಬಾಗಿಲು ತೆಗೆದಾಗ ಡ್ರೈವರ್ ತನ್ನ ಕುರ್ಚಿಯಲ್ಲಿ ಹೊರಗೇ ಕಾಯುತ್ತಿದ್ದ. ತೊಡೆಯ ಮೇಲೆ ಅವನ ಹಾಳೆ. “ನಂದ್ರಲ್ಲೂ ಹದಿನೇಳಕ್ಕೆ ಟಿಕ್ ಇದೆ ಸಿಸ್ಟರ್” ಎಂದ. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಸಿಸ್ಟರ್ ಬಾಗಿಲನ್ನು ಅವನಿಗಾಗಿ ಹಿಡಿದು ನಿಂತರು.

ಮರುದಿನ ಹೆಂಡತಿ ಬಂದಳು. ನನ್ನ ಮುಖ ನೋಡದೆ ಸಿಸ್ಟರ್ ಎದುರು ಕೂತಳು. ನಿನ್ನೆ ಹೇಳಿದ್ದನ್ನೇ ಸಿಸ್ಟರ್ ಇನ್ನೊಮ್ಮೆ, ಒಂದು ಮಾತೂ ಬಿಡದೆ ಹೇಳಿದರು. ಕೊನೆಗೆ “ಏನಾದ್ರೂ ಕೇಳಬೇಕಾ?” ಎಂದಾಗ ಅವಳು ಬೆರಳಿನ ಅಂಟು ಕೆರೆಯುತ್ತ ಕೂತಿದ್ದಳು.

“ನಾನು ಮೊದಲನೇ ತಿಂಗಳೇ ಕೇಳಿದ್ದೆ” ಎಂದಳು. “ಡಾಕ್ಟ್ರು ‘ಜೀವ ಉಳಿದಿದ್ದೇ ಹೆಚ್ಚು, ಅದೆಲ್ಲ ಯಾಕಮ್ಮ ಈಗ’ ಅಂದ್ರು. ಅಲ್ಲಿದ್ದೋರೆಲ್ಲ ನನ್ನನ್ನೇ ನೋಡಿದ್ರು. ಅವತ್ತಿಂದ ಬಾಯಿಗೆ ಬೀಗ ಹಾಕ್ಕೊಂಡೆ.”

ನಾನು ಅವಳನ್ನು ನೋಡಿದೆ. ನಾನು ಐದು ತಿಂಗಳು ಹೇಡಿಯ ಹಾಗೆ ನುಂಗಿಕೊಂಡಿದ್ದ ಪ್ರಶ್ನೆಯನ್ನು ಇವಳು ಮೊದಲ ತಿಂಗಳೇ ಕೇಳಿ ಅವಮಾನ ಪಟ್ಟಿದ್ದಳು.

“ಮತ್ತೆ ಆ ಮಂಚ?” ಎಂದೆ.

“ಅದನ್ನ ದಿನಾ ನೋಡಿದ್ರೆ ನಿಮಗೆ ಸಂಕಟ ಆಗುತ್ತೆ ಅಂತ. ನಾನೇನೋ ನಿಮ್ಮಿಂದ ಕೇಳ್ತಿದೀನಿ ಅಂತ ಅನ್ನಿಸಬಾರದು ಅಂತ.” ಈಗ ಅವಳ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. “ಕೊಟ್ಬಿಡು ಅಂತೀರಲ್ಲ, ಯಾರಿಗ್ರೀ ಕೊಡಲಿ ನಿಮ್ಮನ್ನ?”

ನನಗೆ ಗೊತ್ತಿದ್ದ ಒಂದೇ ಮಾತು ಬಂತು. “ನಮ್ಮ ಮಂಚದ ಎತ್ತರ ಈ ಕುರ್ಚಿಗಿಂತ ನಾಲ್ಕು ಬೆರಳು ಜಾಸ್ತಿ. ಅಷ್ಟು ಮೇಲಕ್ಕೆ ನನ್ನ ಕೈಲಿ ಹತ್ತಕ್ಕಾಗಲ್ಲ.”

“ಅದಕ್ಕೆ?”

“ಗರಗಸಕ್ಕೆ ಎಣ್ಣೆ ಹಚ್ಚಿಡು.”

ಮನೆಗೆ ಹೋದ ದಿನ ಕಾಫಿಗೂ ಕಾಯಲಿಲ್ಲ. ಹಾಲ್‌ನಲ್ಲಿದ್ದ ಕಬ್ಬಿಣದ ಮಂಚವನ್ನು ಸವರಿಕೊಂಡು ಒಳಗಿನ ಕೋಣೆಗೆ ಕುರ್ಚಿ ನುಗ್ಗಿಸಿದೆ. ಹಾಸಿಗೆ, ಕುರ್ಚಿಯ ದಿಂಬು ಎಲ್ಲ ಸೇರಿಸಿ ಟೇಪು ಹಿಡಿದು ಎರಡು ಸಲ ಅಳೆದೆ. ನಾಲ್ಕು ಬೆರಳೇ. ಅವಳು ಹಾಸಿಗೆ ತೆಗೆದು ಮಂಚವನ್ನು ತಲೆಕೆಳಗಾಗಿ ಮಗುಚಿದಳು. ಕಾಲುಗಳು ಸರಿಯಾಗಿ ನನ್ನ ತೊಡೆಯ ಮಟ್ಟಕ್ಕೆ ಬಂದವು. ಮೂಲೆಮಟ್ಟ ಇಟ್ಟು ನಾಲ್ಕೂ ಕಡೆ ಪೆನ್ಸಿಲಿನಿಂದ ಗೀಟು ಹಾಕಿದೆ. ಐದು ತಿಂಗಳ ಮೇಲೆ ಹಿಡಿದ ಗರಗಸ ಮೊದಲು ಜಾರಿತು. ಸೊಂಟದಲ್ಲಿ ಬಲವಿಲ್ಲದೆ ಮುಂದಕ್ಕೆ ವಾಲಿದೆ. ಅವಳು ನನ್ನ ಹಿಂದೆ ಬಂದು, ಎದೆಯ ಸುತ್ತ ಎರಡೂ ಕೈ ಹಾಕಿ ಬಿಗಿಯಾಗಿ ಹಿಡಿದಳು. ಹೊಕ್ಕುಳಿನ ಮೇಲೆ, ಸ್ಪರ್ಶ ನಿಲ್ಲುವ ಅಂಚಿನಲ್ಲಿ, ಅವಳ ಅಂಟಿನ ಬೆರಳು ಒರಟಾಗಿ ತಾಗಿತು. ಮೈ ಜುಮ್ಮೆಂದಿತು. ಗರಗಸ ನಿಲ್ಲಿಸಿದೆ.

“ಏನಾಯ್ತು?”

“ಅಲ್ಲೇ ಇರಲಿ ಕೈ” ಎಂದೆ. “ತೆಗೀಬೇಡ.”

ಅವಳು ತೆಗೆಯಲಿಲ್ಲ. ನಾಲ್ಕು ಕಾಲು ಕೊಯ್ಯುವಷ್ಟರಲ್ಲಿ ಇಬ್ಬರ ಬಟ್ಟೆಗೂ ಮರದ ಪುಡಿ ಹತ್ತಿತ್ತು. ಹೊರಡುವ ಮುಂಚೆ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಚೀಟಿ ನನ್ನ ಜೇಬಿನಲ್ಲೇ ಇತ್ತು. ಏನಾಗುತ್ತದೋ ಏನಾಗುವುದಿಲ್ಲವೋ ನನಗೆ ಗೊತ್ತಿರಲಿಲ್ಲ, ಭಯ ಇದ್ದೇ ಇತ್ತು. ಮಂಚವನ್ನು ನೇರ ನಿಲ್ಲಿಸಿ ಅವಳು ಹಾಸಿಗೆ ಹಾಸಿದಳು. ನಾನು ಕುರ್ಚಿಯನ್ನು ಪಕ್ಕಕ್ಕೆ ತಂದು, ಬ್ರೇಕು ಹಾಕಿ, ಕೈಯೂರಿ ಜಾರಿದೆ. ಯಾರ ಸಹಾಯವೂ ಇಲ್ಲದೆ ನನ್ನ ಮಂಚದ ಮೇಲಿದ್ದೆ.

ಅವಳು ಬಗ್ಗಿ ಮಂಚದ ಕೆಳಗೆ ಟ್ರಂಕು ತಳ್ಳಲು ನೋಡಿದಳು. ಹಿಡಿಸಲಿಲ್ಲ.

“ಇವೆರಡನ್ನ ಎಲ್ಲಿಡೋದು ಈಗ?” ಎಂದೆ.

ಅವಳು ಎರಡನ್ನೂ ಒಂದೊಂದಾಗಿ ಹಾಲ್‌ಗೆ ಎಳೆದುಕೊಂಡು ಹೋದಳು. ಕಬ್ಬಿಣದ ಮಂಚ ಕಿರುಗುಟ್ಟಿದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ಕೈ ಒರೆಸಿಕೊಂಡಳು.

“ಬಾಡಿಗೆ ಕಟ್ಟಿದೀವಲ್ಲ” ಎಂದಳು. “ಅಲ್ಲಿ ಅವು ಮಲಗಲಿ.”