ಹಿಂದಿನ ಸಾಲಿನಲ್ಲಿ ಕೂತು ಕೇಳಿದ ಅಪ್ಪ

ಮನೆಯಲ್ಲಿ ಕಾಲೇಜು ಓದುವ ಮಗಳೋ ಮಗನೋ ಇದ್ದರೆ ಬಂದವರೆಲ್ಲ ಕೇಳುವ ಮಾತು ಒಂದೇ: "ಮುಂದೇನು?" ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ. ತಾವೇ ಒಂದು ದಾರಿ ತೋರಿಸಿ, ಕಾಫಿ ಕುಡಿದು ಹೊರಟುಬಿಡುತ್ತಾರೆ.

ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನ ಮನೆಯಲ್ಲೂ ಹೀಗೇ ಆಯಿತು. ಅವನ ಮಗಳು ಭೌತಶಾಸ್ತ್ರದ ವಿದ್ಯಾರ್ಥಿನಿ. ಚಿಕ್ಕಂದಿನಲ್ಲಿ ಸಿಕ್ಕ ಮೈಕಿಗೆಲ್ಲ ಬಾಯಿಟ್ಟು "ಹಲೋ, ಟೆಸ್ಟಿಂಗ್" ಎನ್ನುತ್ತಿದ್ದಳೆಂದು ಬೀದಿಯವರು ಅವಳನ್ನು ಇಂದಿಗೂ ಟೆಸ್ಟಿಂಗ್ ಎಂದೇ ಕರೆಯುತ್ತಾರೆ. ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಚಿಕ್ಕಪ್ಪ ಅವಳಿಗೊಂದು ಕೆಲಸ ಹುಡುಕಿ ತಂದ. ಗೆಳೆಯನ ಆಫೀಸಿನಲ್ಲಿ ಫೋನ್ ಎತ್ತಿ ಮಾತಾಡುವ ಕೆಲಸ. ಕೂಡಲೇ ಸೇರಬೇಕು, ಓದು ಬಿಡಬೇಕು. ಭಾನುವಾರದೊಳಗೆ ಉತ್ತರ ಹೇಳಬೇಕು.

"ಫಿಸಿಕ್ಸ್ ಓದಿ ಏನ್ ಮಾಡ್ತೀಯಮ್ಮ? ಟೀಚರ್ ಆಗ್ತೀಯ, ಇಲ್ಲ ಮನೇಲಿರ್ತೀಯ," ಎಂದ ಚಿಕ್ಕಪ್ಪ. ಅಪ್ಪ ತಲೆಯಾಡಿಸಿದ. ಮಗಳಿಗೂ ಗೊತ್ತಿದ್ದದ್ದು ಆ ಎರಡೇ ದಾರಿ.

ಕಾಲೇಜಿನವರು ಪ್ರತಿಯೊಬ್ಬ ವಿದ್ಯಾರ್ಥಿಗೂ ಹೊರಗೆ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರನ್ನು ಮಾರ್ಗದರ್ಶಿಯಾಗಿ ಗೊತ್ತುಮಾಡಿದ್ದರು. ಹೆಚ್ಚಿನವರು ಆ ಕಡೆ ತಲೆಹಾಕುತ್ತಿರಲಿಲ್ಲ. ಬುದ್ಧಿವಾದ ಮನೆಯಲ್ಲೇ ಬೇಕಾದಷ್ಟು ಸಿಗುತ್ತಿತ್ತು. ಟೆಸ್ಟಿಂಗ್ ಹೋದಳು. ಅವಳ ಪಾಲಿಗೆ ಬಂದ ಮೇಡಂ ಒಬ್ಬ ಎಂಜಿನಿಯರ್. ಶಾಲೆ, ಆಸ್ಪತ್ರೆ, ಸಭಾಂಗಣಗಳಲ್ಲಿ ಗದ್ದಲ ತಗ್ಗಿಸಿ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡುವುದು ಅವರ ಉದ್ಯೋಗ. ಅಂಥದೊಂದು ಉದ್ಯೋಗ ಇದೆಯೆಂಬುದೇ ಹುಡುಗಿಗೆ ಗೊತ್ತಿರಲಿಲ್ಲ.

"ನಾನು ಏನಾಗ್ಲಿ, ನೀವೇ ಹೇಳಿ ಮೇಡಂ."

"ಅದು ನಂಗೆ ಹೇಗೆ ಗೊತ್ತಾಗುತ್ತೆ? ಇವತ್ತು ತಾನೇ ನಿನ್ನ ಮುಖ ನೋಡ್ತಿದೀನಿ. ಯಾವ ಕೆಲಸಕ್ಕೆ ಕೂತ್ರೆ ನಿಂಗೆ ಊಟ ಮರೆತುಹೋಗುತ್ತೆ, ಅದನ್ನ ಹೇಳು."

ಹುಡುಗಿ ನಾಚಿಕೊಂಡಳು. "ಅಪ್ಪನ ಮೈಕು ಇದ್ದಕ್ಕಿದ್ದಂಗೆ ಕೀಂ ಅಂತ ಕಿರುಚುತ್ತಲ್ಲ, ಅದ್ಯಾಕೆ ಅಂತ ಹುಡುಕೋದು. ಆದ್ರೆ ಅದು ಓದಲ್ವಲ್ಲ."

ಮೇಡಂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಅದೂ ಓದೇ. ನಾಳೆ ನನ್ನ ಜೊತೆ ಕೆಲಸಕ್ಕೆ ಬಾ."

ಮರುದಿನ, ಹೊಸ ಶಾಲೆಯೊಂದರ ಖಾಲಿ ಹಾಲ್‌ನಲ್ಲಿ ಮೇಡಂ ಒಂದು ಚಪ್ಪಾಳೆ ತಟ್ಟಿದರು. ಸದ್ದು ಬರಿಗೋಡೆಯಿಂದ ಬರಿಗೋಡೆಗೆ ಓಡಾಡಿ, ಬಹಳ ಹೊತ್ತಿಗೆ ಅಡಗಿತು. ಸುತ್ತಲೂ ದಪ್ಪ ಪರದೆಗಳನ್ನು ಇಳಿಬಿಟ್ಟು ಮತ್ತೆ ತಟ್ಟಿದರು. ಸದ್ದು ಬೇಗನೆ ಸುಮ್ಮನಾಯಿತು. ಪರೀಕ್ಷೆಗೆಂದು ಉರುಹೊಡೆದಿದ್ದ ಪ್ರತಿಧ್ವನಿಯ ಪಾಠ ಹುಡುಗಿಯ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಮೇಡಂ ಕಷ್ಟವನ್ನೂ ಮುಚ್ಚಿಡಲಿಲ್ಲ. ಧೂಳು, ಏಣಿ, ಹೇಳಿದ್ದಕ್ಕೆಲ್ಲ ಆಗಲ್ಲ ಎನ್ನುವ ಕಾಂಟ್ರಾಕ್ಟರು, ಎಲ್ಲವನ್ನೂ ತೋರಿಸಿದರು. "ಗಣಿತ ಬೇಕೇ ಬೇಕು. ಡಿಗ್ರಿ ಮುಗಿಸಿ ಇನ್ನೊಂದು ಕೋರ್ಸೂ ಮಾಡ್ಬೇಕು."

"ಗಣಿತದಲ್ಲಿ ನಾನು ಮಂಕು ಮೇಡಂ."

"ನಾನೂ ಹಾಗೇ ಅಂದ್ಕೊಂಡಿದ್ದೆ. ಅರ್ಥ ಆಗದ್ದನ್ನ ಹಿಡ್ಕೊಂಡು ವಾರಕ್ಕೊಮ್ಮೆ ಬಾ. ಕೂತು ಜಗಳ ಆಡೋಣ."

ಮನೆಗೆ ಬಂದವಳು ಬಚ್ಚಲಲ್ಲಿ, ಮೆಟ್ಟಿಲ ಕೆಳಗೆ, ತೆರೆದ ಬೀರುವಿನೊಳಗೆ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. "ಯಾರಿಗೇ ಸನ್ಮಾನ?" ಎಂದಳು ಅಮ್ಮ.

ಮಗಳು ಎಲ್ಲವನ್ನೂ ಹೇಳಿದಾಗ ಅಪ್ಪ ನಕ್ಕ. "ಚಪ್ಪಾಳೆ ತಟ್ಟೋಕೆ ಸಂಬಳ ಕೊಡ್ತಾರಂತಾ? ನಾನೇನ್ ನಿನ್ನೆ ಮೊನ್ನೆ ಮೈಕ್ ಹಿಡಿದವನಾ? ಕೇಳಿಸ್ಲಿಲ್ಲ ಅಂದ್ರೆ ವಾಲ್ಯೂಮ್ ಏರಿಸ್ಬೇಕು. ಇದಕ್ಕೆಂಥಾ ಓದು?"

ಶನಿವಾರ ದೊಡ್ಡ ಹಾಲ್ ಒಂದರಲ್ಲಿ ವ್ಯಾಪಾರಿಗಳ ಸಭೆ. ಮೈಕ್ ಸೆಟ್ ಅಪ್ಪನದು, ವೈರು ಎಳೆಯಲು ಮಗಳೂ ಹೋಗಿದ್ದಳು. ಭಾಷಣ ಶುರುವಾಯಿತು. ಹಿಂದಿನಿಂದ ಕೂಗು ಬಂತು: "ಏನೂ ತಿಳೀತಿಲ್ರೀ." ಅಪ್ಪ ವಾಲ್ಯೂಮ್ ಏರಿಸಿದ. ಮತ್ತೆ ಕೂಗು. ವ್ಯಾನಿನಲ್ಲಿದ್ದ ಇನ್ನೆರಡು ಸ್ಪೀಕರ್ ಬಾಕ್ಸ್‌ಗಳನ್ನೂ ತಂದು ಜೋಡಿಸಿದ. ಮಾತೆಲ್ಲ ಕಲಸುಮೇಲೋಗರವಾಯಿತು.

"ಅಪ್ಪ, ಕಮ್ಮಿ ಮಾಡು."

"ಕೇಳಿಸ್ತಿಲ್ಲ ಅಂತಿದಾರೆ, ಕಮ್ಮಿ ಮಾಡ್ಬೇಕಾ? ತಲೆ ನೆಟ್ಟಗಿದೆಯಾ?"

"ಸದ್ದು ಕೇಳಿಸ್ತಿದೆಯಪ್ಪ, ಮಾತು ತಿಳೀತಿಲ್ಲ. ನೀನು ಯಾವಾಗ್ಲೂ ವೇದಿಕೆ ಪಕ್ಕ, ಆಂಪ್ಲಿಫಯರ್ ಹತ್ರಾನೇ ನಿಂತಿರ್ತೀಯ. ಒಂದ್ಸಲ ಹಿಂದಿನ ಸಾಲಲ್ಲಿ ಕೂತು ನೋಡು."

ಅಪ್ಪ ಗೊಣಗುತ್ತ ಹೋಗಿ ಕೂತ. ಭಾಷಣಕಾರರು ಮಾತು ನಿಲ್ಲಿಸಿ ನೀರು ಕುಡಿಯುತ್ತ ಕೂತರು. ಮಗಳು ಹೊಸದಾಗಿ ತಂದ ಬಾಕ್ಸ್‌ಗಳನ್ನು ಆಫ್ ಮಾಡಿದಳು. ಎದುರುಗೋಡೆಯನ್ನು ನೋಡುತ್ತಿದ್ದ ಮೊದಲಿನ ಎರಡನ್ನು ಎತ್ತರಿಸಿ, ಜನರ ಕಡೆ ಬಗ್ಗಿಸಿದಳು. ಕಿಟಕಿಗಳ ಪರದೆ ಎಳೆದಳು. ಗುಂಡಿ ತಿರುಗಿಸಿ ವಾಲ್ಯೂಮ್ ಇಳಿಸಿದಳು. ಇದು ಕೈಕೊಟ್ಟರೆ ಅಪ್ಪನ ಮಾನವೂ ಹೋದಂತೆ, ತನ್ನ ಓದೂ ಹೋದಂತೆ.

ಭಾಷಣ ಮುಂದುವರಿಯಿತು. ಹಿಂದಿನ ಸಾಲಿನವರೆಗೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ಅಪ್ಪನ ಪಕ್ಕ ತೂಕಡಿಸುತ್ತಿದ್ದ ಹಿರಿಯರು ನೆಟ್ಟಗೆ ಕೂತರು. "ಈಗೆಲ್ಲ ತಿಳೀತಿದೆ. ಛೆ, ಇನ್ನು ನಿದ್ದೆ ಮಾಡೋ ಹಾಗಿಲ್ಲ."

ಅಪ್ಪ ಏಳಲಿಲ್ಲ. ಸಭೆ ಮುಗಿಯುವವರೆಗೂ ಅಲ್ಲೇ ಕೂತು, ವೇದಿಕೆಯ ಪಕ್ಕ ನಿಂತಿದ್ದ ಮಗಳನ್ನೇ ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆ ಅವನೇ ಮಗಳ ಜೊತೆ ಮೇಡಂ ಮನೆಗೆ ಹೋದ. "ಇದ್ರಲ್ಲಿ ಹೊಟ್ಟೆ ತುಂಬುತ್ತಾ ಮೇಡಂ? ನಿಜ ಹೇಳಿ."

"ಶುರುವಿನಲ್ಲಿ ಕಷ್ಟಾನೇ. ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಬೇರೆ ಬೇರೆ ಕೆಲಸದವರನ್ನೂ ಕಂಡು ಮಾತಾಡ್ಲಿ, ಆಮೇಲೆ ಅವಳೇ ತೀರ್ಮಾನ ಮಾಡ್ಲಿ. ಆದ್ರೆ ಡಿಗ್ರಿ ಮುಗಿಸ್ಲಿ, ನೋಡದೇ ಬಿಡೋದು ಬೇಡ."

ಮೆಟ್ಟಿಲಿಳಿಯುತ್ತಲೇ ಅಪ್ಪ ತಮ್ಮನಿಗೆ ಫೋನ್ ಮಾಡಿದ. "ಲೋ, ಆ ಕೆಲಸ ಬೇರೆ ಯಾರಿಗಾದ್ರೂ ಕೊಡ್ಸು. ನಮ್ಮ ಹುಡುಗಿ ಓದು ಮುಗಿಸ್ತಾಳೆ. ಏನಾಗ್ತಾಳಾ? ನೀನೇ ಮನೆಗೆ ಬಾ, ಅವಳೇ ಹೇಳ್ತಾಳೆ. ನಂಗೆ ಅರ್ಧ ಅರ್ಥ ಆಗಿದೆ, ಇನ್ನರ್ಧಕ್ಕೆ ನಾನೂ ಕೂತ್ಕೋತೀನಿ."

ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಮಗೆ ಗೊತ್ತಿರುವ ಕೆಲಸಗಳು ನಾಲ್ಕಾರು. ಲೋಕದಲ್ಲಿರುವುದು ಅಷ್ಟೇ ಅಲ್ಲ. ನಿಮ್ಮ ಕಾಲೇಜಿನಲ್ಲಿ ಮಾರ್ಗದರ್ಶಿಗಳಿದ್ದರೆ ಈ ವಾರವೇ ಹೋಗಿ ಮಾತಾಡಿ. ಇಲ್ಲದಿದ್ದರೆ, ನಿಮಗೆ ಕುತೂಹಲ ಹುಟ್ಟಿಸುವ ಕೆಲಸ ಮಾಡುವವರನ್ನು ನೀವೇ ಹುಡುಕಿ. "ನಾನೇನಾಗಲಿ" ಎಂದು ಕೇಳಬೇಡಿ. "ನಿಮ್ಮ ದಿನ ಹೇಗಿರುತ್ತದೆ? ಇದರಲ್ಲಿ ಕಷ್ಟ ಯಾವುದು? ಒಂದು ದಿನ ಬಂದು ನೋಡಲೇ?" ಎಂದು ಕೇಳಿ. ತಂದೆತಾಯಿಯರೇ, ಹೂಂ ಎನ್ನುವ ಮೊದಲು, ಊಹೂಂ ಎನ್ನುವ ಮೊದಲೂ, ನೀವೂ ಜೊತೆಗೆ ಹೋಗಿ. ನಿಮ್ಮ ಅನುಮಾನಗಳನ್ನೂ ತೆಗೆದುಕೊಂಡು ಹೋಗಿ, ಮಕ್ಕಳ ಎದುರಿಗೇ ಕೇಳಿ. ಉತ್ತರ ಇಬ್ಬರಿಗೂ ಒಟ್ಟಿಗೆ ಸಿಗಲಿ.