ಒಂದು ಇಂಗ್ಲಿಷ್ ಕೌನ್ಸಿಲ್ ಚುನಾವಣೆ ಮತ್ತು ನನ್ನ ಎಡಗೈ

1

ಎಲ್ಲಿಂದ ಆರಂಭಿಸಲಿ? ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯದು ಹೀಗಿದೆ: "ಇಂಗ್ಲೆಂಡಿನ ಒಂದು ಗ್ರಾಮೀಣ ಜಿಲ್ಲಾ ಕೌನ್ಸಿಲ್‌ಗೆ 1973ರಲ್ಲಿ ಮೊದಲ ಚುನಾವಣೆ ನಡೆಯಿತು."

ಓದುಗರೇ, ಎದ್ದು ಹೋಗಬೇಡಿ. ಆ ಜಿಲ್ಲೆಗೆ ಹೆಸರಿಲ್ಲ. ಕಲಬುರಗಿಯ ನನ್ನ ಊಟದ ಮೇಜಿನ ಮೇಲೆ ನಾನೇ ಕಟ್ಟಿದ ಜಿಲ್ಲೆ ಅದು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು ಒಮ್ಮೆಯೂ ನೋಡದ ದೇಶದ ಬಗ್ಗೆ ಬರೆಯಬಾರದೆ?

2

ನನ್ನ ಕೌನ್ಸಿಲ್‌ನ ಇತಿಹಾಸ ಬಹಳ ಸಾಧು. ಐವತ್ತು ವರ್ಷಗಳಲ್ಲಿ ಒಂದು ಕುರ್ಚಿಯೂ ಮುರಿದಿಲ್ಲ. ಕೆಲವು ವಾರ್ಡುಗಳಲ್ಲಿ ಎದುರಾಳಿಯೇ ಸಿಗದೆ ಒಬ್ಬರೇ ಇಪ್ಪತ್ತು ವರ್ಷ ಗೆಲ್ಲುತ್ತಾರೆ. ಮಳೆ ಬಂತೆಂದರೆ ಮೂರರಲ್ಲಿ ಎರಡು ಪಾಲು ಜನ ಮತ ಹಾಕಲು ಹೋಗುವುದಿಲ್ಲ. "ಛತ್ರಿ ಹಿಡಿದೇ ಹುಟ್ಟಿದ ಜನ, ಮಳೆಗೆ ಹೆದರುತ್ತಾರೆ!" ಎಂದು ಬರೆದು ನಾನೇ ನಕ್ಕೆ. (ಆ ನಗುವನ್ನು ದಯವಿಟ್ಟು ನೆನಪಿಡಿ.)

1999ರಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಿತ್ತು. ಚೀಟಿ ಎತ್ತಿದರು. ಮಿಸೆಸ್ ವಿನ್‌ಸ್ಲೇಡ್ ಸೋತಳು.

3

"ನನ್ನನ್ಯಾಕ ಸೋಲಿಸಿದ್ರಿ, ಇಂದೂಬಾಯಿಯವ್ರ?" ಎಂದಳು ಮಿಸೆಸ್ ವಿನ್‌ಸ್ಲೇಡ್.

(ನನ್ನ ಇಂಗ್ಲಿಷ್ ಪಾತ್ರಗಳು ಕಲಬುರಗಿ ಮಾತಾಡುತ್ತವೆ. ಏನು ಮಾಡಲಿ, ಬೆಳೆದದ್ದು ಇದೇ ಮನೆಯಲ್ಲಿ.)

"ನಾ ಎಲ್ಲಿ ಸೋಲಿಸೀನಿ? ಚೀಟಿ ಸೋಲಿಸ್ತು."

"ಚೀಟಿ ತನಕ ಯಾಕ ಹೋತು? ಯಾರೋ ಒಬ್ರು ಮನ್ಯಾಗ ಕುಂತಿದ್ದಕ್ಕ. ಯಾರ್ರೀ ಅವ್ರು?"

"ಅವತ್ತು ಮಳಿ ಇತ್ತವಾ."

"ನಮ್ಮ ಕಡಿ ಒಂದು ಅನುಕೂಲ ಅದರಿ. ಬೆರಳಿಗಿ ಮಸಿ ಹಚ್ಚೂದಿಲ್ಲ. ಪೆನ್ಸಿಲ್‌ಲೆ ಗೀಟು ಹಾಕಿ ಬರೂದು. ಮನ್ಯಾಗ ಕುಂತವ್ರೂ 'ಹಾಕಿ ಬಂದೇವ್ರಿ' ಅಂತ ಆರಾಮ ಹೇಳ್ತಾರ. ಅದಿರ್ಲಿ, ನೀವ್ಯಾಕ ಎಡಗೈ ಸೆರಗಿನ್ಯಾಗ ಇಟಗೊಂಡೀರಿ?"

ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದು.

4

(ಐದನೆಯದನ್ನೂ ಹರಿದೆ.)

ಸರಿ, ಇಂಗ್ಲೆಂಡ್ ಬೇಡ. ಕಮಲಾಪುರದ ಹತ್ತಿರದ ನಮ್ಮ ಹಳ್ಳಿಯ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆ. ಅಲ್ಲಿ ಗ್ರಾಮ ಪಂಚಾಯಿತಿಗೆ ನನ್ನ ಹಳೆಯ ವಿದ್ಯಾರ್ಥಿನಿ ಸುನಂದಾ ನಿಂತಿದ್ದಳು. ಬಿ.ಎ. ಅರ್ಧಕ್ಕೆ ಬಿಟ್ಟು ಮದುವೆಯಾದವಳು, ಈಗ ಕೆಂಪು ಬಾಳೆ ಬೆಳೆಯುತ್ತಾಳೆ. ಶಾಲೆಯ ಹುಡುಗಿಯರ ಶೌಚಾಲಯಕ್ಕೆ ನಳ ಬರಬೇಕು ಎಂಬುದೊಂದೇ ಅವಳ ಪ್ರಚಾರ. ಎದುರಾಳಿ ಶಿವಕಾಂತಮ್ಮ ಎರಡು ಸಲ ಗೆದ್ದವರು.

"ಮೇಡಂ, ಹನ್ನೊಂದರ ಬಸ್ಸಿಗಿ ಬರ್ರಿ," ಎಂದು ಸುನಂದಾ ಫೋನ್ ಮಾಡಿದ್ದಳು. "ಕಿಡಕಿ ಸೀಟು ಹಿಡದಿಡು ಅಂತ ಕಂಡಕ್ಟರ್ ಪ್ರೇಮಕುಮಾರಗ ಹೇಳೀನಿ. ಊಟ ನಮ್ಮನ್ಯಾಗ." (ಇದು ಆಮಿಷವಲ್ಲ, ಪುಂಡಿಪಲ್ಯ.)

ಮತದಾನದ ದಿನ ನಾನು ಇದೇ ಮೇಜಿನ ಮುಂದೆ ಕುಳಿತು ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಮತಗಟ್ಟೆ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ ಎಂದು ಆಗತಾನೆ ಬರೆದಿದ್ದೆ. ಗಡಿಯಾರ ನೋಡಿದರೆ ಮೂರೂವರೆ. ಇನ್ನೂ ಹೊತ್ತಿದೆ ಎಂದುಕೊಂಡೆ. ನಮ್ಮಲ್ಲಿ ಐದಕ್ಕೇ ಬಾಗಿಲು ಹಾಕುತ್ತಾರೆ ಎಂಬುದು ನೆನಪಾದದ್ದು ಐದೂಕಾಲಿಗೆ. ಹೊರಗೆ ಮಳೆಯೂ ಇರಲಿಲ್ಲ.

ಎಣಿಕೆಯಲ್ಲಿ ಇಬ್ಬರಿಗೂ ಇನ್ನೂರ ಹದಿನಾಲ್ಕು. ಅಧಿಕಾರಿ ಎರಡು ಚೀಟಿ ಬರೆದು ಡಬ್ಬಿಗೆ ಹಾಕಿ ಒಂದನ್ನು ಎತ್ತಿದರು. ಬಂದದ್ದು ಶಿವಕಾಂತಮ್ಮನ ಹೆಸರು.

5

ಮರುದಿನ ಸುನಂದಾ ಒಂದು ಡಜನ್ ಕೆಂಪು ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದಳು.

"ಸೋತವ್ರು ಯಾರರ ಹಣ್ಣು ತರ್ತಾರೇನವಾ?"

"ನಾ ತರ್ತೀನ್ರಿ. ನಿಮ್ಮ ವೋಟೊಂದು ಬಿದ್ದಿದ್ದಕ್ಕ ಸಮ ಆಯ್ತು, ಮೇಡಂ. ಇಲ್ಲಂದ್ರ ಒಂದು ವೋಟಿಲೆ ಸೋತ್ಲು ಅಂತ ಊರೆಲ್ಲ ನಗ್ತಿತ್ತು. ಹಿಡೀರಿ."

ನಾನು ಬಲಗೈ ಚಾಚಿದೆ.

"ಎರಡೂ ಕೈ ಹಿಡೀರಿ. ಭಾರ ಅದ."

ಅವಳ ತೋರುಬೆರಳಿನ ಮಸಿ ಇನ್ನೂ ಕಡುನೀಲಿಯಾಗಿತ್ತು. ನನ್ನದು ಆಗಷ್ಟೇ ತೊಳೆದ ಚಮಚದ ಹಾಗೆ. ಅವಳು ತಲೆ ತಗ್ಗಿಸಿದಳು. ನೋಡಿದ್ದು ಹಣ್ಣನ್ನೋ ಬೆರಳನ್ನೋ ಗೊತ್ತಿಲ್ಲ. ನನ್ನ ಬೆರಳುಗಳನ್ನು ತಾನೇ ಮಡಿಚಿ, "ಗಟ್ಟ್ಯಾಗಿ ಹಿಡೀರಿ, ಬಿದ್ದಾವು" ಎಂದಳು.

6

ಮುಕ್ತಾಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ:

ಅ) ಅವಳು ಬೆರಳು ನೋಡಲಿಲ್ಲ. ನನ್ನ ಮರ್ಯಾದೆ ಉಳಿಯಿತು.

ಆ) ನಾನು ಆಗಲೇ ನಿಜ ಹೇಳಿಬಿಟ್ಟೆ. (ಮಿಸೆಸ್ ವಿನ್‌ಸ್ಲೇಡ್‌ಗೆ ಇದೇ ಇಷ್ಟ. ಆದರೆ ನಾನು ಬಾಯಿ ತೆರೆದು ಕೇಳಿದ್ದು, "ಚಹಾ ಕುಡೀತೀಯೇನವಾ?")

ಇ) ಇದನ್ನು ಇನ್ನೂ ಬರೆದಿಲ್ಲ.

ಈ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಈಗ ಹನ್ನೊಂದರ ಬಸ್ಸು ಹತ್ತಿದ್ದೇನೆ, ಸುನಂದಾಳಿಗೆ ಓದಿ ಹೇಳಲು. ಟಿಕೆಟ್ ಹರಿಯುತ್ತ ಪ್ರೇಮಕುಮಾರ ನಕ್ಕ.

"ಇವತ್ತರ ಬಂದ್ರಲ್ಲ, ಅಮ್ಮಾರ! ಅವತ್ತು ಮೂರು ಟ್ರಿಪ್ ನಿಮ್ಮ ಸೀಟಿನ ಮ್ಯಾಲ ಟವೆಲ್ ಹಾಕಿಟ್ಟಿದ್ದೆ. ಮಂದಿ ಕೂಡ ಜಗಳಾನೂ ಆಡೀನಿ."

"ಸುನಂದಾಗ ಹೇಳಿದ್ಯೇನಪಾ?"

"ಅವತ್ತ ಸಂಜೀಗೇ ಹೇಳೀನ್ರಿ."

(ಅ) ಹೊಡೆದುಹಾಕಿದೆ. ಬಸ್ಸು ಅಲುಗಾಡಿ ಗೆರೆ ಸೊಟ್ಟಗಾಯಿತು.

ನನ್ನ ಮತ ಕೇಳಿದವಳು, ಎಲ್ಲ ಗೊತ್ತಿದ್ದೂ ನಾನು ಹಾಕದ ಮತವನ್ನು ಮಾತಿನಲ್ಲೇ ನನ್ನ ಲೆಕ್ಕಕ್ಕೆ ಬರೆದು ಹಣ್ಣು ಕೊಟ್ಟು ಹೋಗಿದ್ದಾಳೆ. ಇನ್ನು ಅವಳ ಬಾಗಿಲಲ್ಲಿ ನಿಂತು ಏನು ಹೇಳಲಿ? ಮಿಸೆಸ್ ವಿನ್‌ಸ್ಲೇಡ್ ಏನೋ ಸೂಚಿಸುತ್ತಿದ್ದಾಳೆ, ನಾನು ಕೇಳಿಸಿಕೊಳ್ಳುತ್ತಿಲ್ಲ. ಪೆನ್ನು ಮುಚ್ಚುತ್ತೇನೆ. ಕಮಲಾಪುರ ಇನ್ನೂ ದೂರವಿದೆ, ಎಡಗೈ ಸೆರಗಿನಿಂದ ಹೊರಗಿದೆ.